ಕೆಳಗಿನ ಜಾಳಿ

ಸ್ನೇಹಲ ಮೊಣಕಾಲೂರಿ ಕುಳಿತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಣದ್ರಾಕ್ಷಿ ಮಾಡುವ ರ್ಯಾಕಿನ ತಂತಿಬಲೆಯ ಅಂತಸ್ತುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಜಾಳಿಯೊಳಗೆ ಕೈ ಚಾಚಿ, ದ್ರಾಕ್ಷಿ ಗೊಂಚಲುಗಳನ್ನು ಒಂದೊಂದಾಗಿ ಹೊರಳಿಸಿ ಹಾಕುತ್ತಿದ್ದಳು. ಪಕ್ಕದಲ್ಲಿ ರ್ಯಾಕಿನ ಒಡತಿ ಮಂಗಲಕಾಕು ಅದೇ ಕೆಲಸ ಮಾಡುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಸ್ನೇಹಲಳ ಮಟ್ಟಿಗೆ ಇದು ದಿನದ ಸಂಗತಿ. ಮಂಗಲಕಾಕುವಿನ ಮಟ್ಟಿಗೆ ಅಲ್ಲ. ಕೈ ಆಡುವಾಗ ಬಾಯಿ ಆಡದ ಮಂಗಲಕಾಕುವನ್ನು ಈ ಹಂಗಾಮಿನಲ್ಲಿ ಯಾರೂ ಕಂಡಿರಲಿಲ್ಲ. ಕೊಳೆಯಲು ಶುರುವಾದ ಕಾಳುಗಳನ್ನು ಕಿತ್ತು ನೆಲಕ್ಕೆ ಹಾಸಿದ ಗೋಣಿಚೀಲದ ಮೇಲೆ ಎಸೆಯಬೇಕು, ಉಳಿದದ್ದನ್ನು ಮಗ್ಗುಲು ಬದಲಿಸಿ ಮಲಗಿಸಬೇಕು. ತಲೆಯ ಮೇಲಿನ ಜಾಳಿಗಳಲ್ಲಿ ದ್ರಾಕ್ಷಿ ಒಣಗಿ ಬೇದಾಣೆಯಾಗಿ ಆಗಲೇ ಹಸಿರು ಬೆರೆತ ಹಳದಿಗೆ ತಿರುಗಿತ್ತು. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಣಗಿದ ಸಪ್ಪಳ ಬರುತ್ತಿತ್ತು. ಕೆಳಗಿನದು ಮಾತ್ರ ಕಂದು, ಮೆತ್ತಗೆ, ಬೆರಳಿಗೆ ಅಂಟುವಂಥದ್ದು. ಮೇಲಿನದೂ ಕೆಳಗಿನದೂ ಒಂದೇ ದಿನ ಕೊಯ್ದದ್ದು, ಒಂದೇ ಔಷಧಿಯ ನೀರಿನಲ್ಲಿ ಅದ್ದಿದ್ದು, ಒಂದೇ ಸೂರಿನ ಕೆಳಗೆ ಹರವಿದ್ದು. ನಡುವೆ ಇದ್ದದ್ದು ಒಬ್ಬ ಮನುಷ್ಯನ ಎತ್ತರ ಮಾತ್ರ.

ಆ ಎತ್ತರದೊಳಗೆ ಏನು ನಡೆಯುತ್ತದೆ ಎಂಬುದನ್ನು ತೀರ್ಮಾನಿಸಲು ಇವತ್ತು ಸಂಜೆ ಹಿರಿಯರು ಬರುವವರಿದ್ದರು. ರ್ಯಾಕಿನ ಪಶ್ಚಿಮಕ್ಕೆ, ಒಂದು ಬದುವಿನ ಆಚೆ, ಸ್ನೇಹಲಳ ಅಪ್ಪ ಮುರಗೆಪ್ಪನ ಕಬ್ಬು ನಿಂತಿತ್ತು. ಆಳೆತ್ತರ ದಾಟಿ ಇನ್ನೊಂದು ಆಳು ಹೆಗಲ ಮೇಲೆ ನಿಂತಷ್ಟು ಬೆಳೆದು, ಗರಿಯ ಅಂಚು ಅಂಚಿಗೆ ಹೆಣೆದುಕೊಂಡು, ಬೆಕ್ಕು ಕೂಡ ಓರೆಯಾಗಿ ನುಸುಳಬೇಕಾದಷ್ಟು ದಟ್ಟವಾಗಿತ್ತು. ಗಾಳಿ ಬರುವುದು ಆ ಕಡೆಯಿಂದಲೇ. ದ್ರಾಕ್ಷಿ ಒಣಗುವುದು ಬಿಸಿಲಿಗಲ್ಲ, ಗಾಳಿಗೆ. ಬಿಸಿಲು ತಾಗಬಾರದೆಂದೇ ಮೇಲೆ ತಾಡಪತ್ರಿ, ಪಕ್ಕಕ್ಕೆ ನೆರಳಿನ ಹಸಿರು ಬಲೆ. ಮಂಗಲಕಾಕುವಿನ ಗಂಡ ಮಹಾವೀರಕಾಕಾ, ಕಬ್ಬು ತನ್ನ ರ್ಯಾಕಿನ ಗಾಳಿಯನ್ನು ತಡೆದಿದೆ, ಬದುವಿಗೆ ಹತ್ತಿದ ಪಟ್ಟಿಯನ್ನಾದರೂ ಕಡಿದು ದನಕ್ಕೆ ಹಾಕಿಬಿಡು ಎಂದು ಕೇಳಿದ್ದ. ಕೇಳಿದ್ದು ತಪ್ಪಲ್ಲ, ಕೇಳಿದ ಜಾಗ ತಪ್ಪು. ಚಹಾದ ಅಂಗಡಿಯ ಮುಂದೆ, ಬಸ್ಸಿಗೆ ನಿಂತವರೆಲ್ಲ ಕೇಳಿಸಿಕೊಳ್ಳುವ ಹಾಗೆ, ಮುರಗೆಪ್ಪಣ್ಣಾ, ನಿಮ್ಮ ಕಬ್ಬು ನಮ್ಮ ಗಾಳಿ ಕುಡ್ಯಾಕತ್ತೈತಿ ಎಂದುಬಿಟ್ಟಿದ್ದ. ಅಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಕಬ್ಬು ನೀರ ಕುಡೀತೈತಿ ಅಂತ ಕೇಳೇನಿ, ಗಾಳಿ ಕುಡಿಯೂದ ಇದ ಮೊದಲ ಎಂದನಂತೆ. ಜನ ನಕ್ಕರು. ಆ ನಗು ಅಪ್ಪನಿಗೆ ಸಿಹಿಯಾಗಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದರೆ ಕಬ್ಬನ್ನೂ ಉಳಿಸಿಕೊಳ್ಳಬೇಕಾಯಿತು. ಮನೆಗೆ ಬಂದು ಅವ್ವನಿಗೆ ಅದನ್ನೇ ಎರಡು ಸಲ ಹೇಳಿದ, ಎರಡನೆಯ ಸಲ ಒಂದು ಮಾತು ಸೇರಿಸಿ: ಗಾಳಿಗೆ ದಾರಿ ಬಿಡಾಕ ನಂದು ಹೊಲಾನೋ, ಹೆದ್ದಾರಿನೋ. ಅವ್ವ ಶಿವಗಂಗವ್ವ ರೊಟ್ಟಿ ಬಡಿಯುತ್ತ, ನಿಮ್ಮ ದ್ರಾಕ್ಷಿನೂ ಅದ ರ್ಯಾಕಿನ್ಯಾಗ ಐತೆಲ್ಲ ಎಂದಳು. ಅಪ್ಪನಿಗೆ ಅದು ಕೇಳಿಸಲಿಲ್ಲ, ಅಥವಾ ರೊಟ್ಟಿಯ ಸಪ್ಪಳದಲ್ಲಿ ಕೇಳಿಸಲಿಲ್ಲ ಎಂದು ಅವನು ನಿರ್ಧರಿಸಿದ.

ಅದು ನಿಜ. ಅಪ್ಪನ ಅಷ್ಟಿಷ್ಟು ದ್ರಾಕ್ಷಿಯೂ ಇದೇ ರ್ಯಾಕಿನಲ್ಲಿ, ಇದೇ ಕೆಳಗಿನ ಜಾಳಿಯ ಕೊನೆಯಲ್ಲಿ, ಕಬ್ಬಿಗೆ ಎಲ್ಲಕ್ಕಿಂತ ಹತ್ತಿರ ಮಲಗಿತ್ತು. ತಡವಾಗಿ ತಂದವರಿಗೆ ಕೆಳಗಿನ ಜಾಳಿಯೇ ಸಿಗುವುದು, ಅದು ಎಲ್ಲ ರ್ಯಾಕುಗಳ ಪದ್ಧತಿ. ಅದೇ ದಿನ ಕೊಯ್ದರೂ ಅಪ್ಪ ತರುವುದು ತಡಮಾಡಿದ್ದ. ಆದರೆ ಮಹಾವೀರ ಬೇಕಂತಲೇ ತನ್ನನ್ನು ನೆಲಕ್ಕೆ ಇಳಿಸಿದ ಎಂದು ಅವನ ಹೊಟ್ಟೆಯೊಳಗೆ ಇತ್ತು. ಈಗ ಅವನ ಕಬ್ಬು ಅವನ ದ್ರಾಕ್ಷಿಯನ್ನೇ ಕೊಳೆಸುತ್ತಿತ್ತು. ಸ್ನೇಹಲ ಅಪ್ಪನ ಗೊಂಚಲಿಗೂ ಕಾಕುವಿನ ಗೊಂಚಲಿಗೂ ಭೇದ ಮಾಡದೆ ಹೊರಳಿಸಿದಳು. ವಾಸನೆ ಎರಡರದ್ದೂ ಒಂದೇ, ಇನ್ನೂ ಹುಳಿಯಲ್ಲ, ಹುಳಿಯಾಗಲು ಯೋಚಿಸುತ್ತಿರುವ ವಾಸನೆ.

ಸಂಜೆ ಅವಳನ್ನು ಕೇಳುವವರಿದ್ದರು. ಹಗಲೆಲ್ಲ ಕೆಳಗಿನ ಜಾಳಿಯ ಹತ್ತಿರ ಇರುವವಳು ಅವಳು. ಮುರಗೆಪ್ಪನ ಮಗಳು, ಮಹಾವೀರನ ರ್ಯಾಕಿನ ಕೆಲಸದವಳು. ಎರಡೂ ಕಡೆಯವರು ಒಪ್ಪಿದ ಒಂದೇ ಹೆಸರು ಅದು. ತನ್ನ ಹೆಸರಿಗೆ ಇಬ್ಬರೂ ಯಾಕೆ ಅಷ್ಟು ಬೇಗ ಒಪ್ಪಿದರು ಎಂದು ಸ್ನೇಹಲ ಯೋಚಿಸಿದ್ದಳು. ಅವಳು ಸುಳ್ಳು ಹೇಳುವುದಿಲ್ಲ ಎಂಬುದಕ್ಕೆ ಇರಬಹುದು. ಅವಳು ಏನೂ ಹೇಳುವುದಿಲ್ಲ ಎಂಬುದಕ್ಕೂ ಇರಬಹುದು. ಮಂಗಲಕಾಕು ಬೆಳಿಗ್ಗೆಯಿಂದ ಆ ವಿಷಯ ಎತ್ತಿರಲಿಲ್ಲ, ಅದಕ್ಕೇ ಈ ಮೌನ. ಬೇರೆ ದಿನಗಳಲ್ಲಿ ಕಾಕು ಕುಂಭೋಜಕ್ಕೆ ಹೋದದ್ದು, ತಂಗಿಯ ಸೊಸೆ ಉಪ್ಪಿನಕಾಯಿಗೆ ಬೆಲ್ಲ ಹಾಕಿದ್ದು, ಸಾಂಗಲಿಯ ಬಸ್ಸಿನಲ್ಲಿ ಕಳೆದ ಚಪ್ಪಲಿ, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಮನೆಯಲ್ಲಿ ಸ್ನೇಹಲ ಸುಮ್ಮನಿದ್ದರೆ ಏನಾಗೈತಿ ಎನ್ನುತ್ತಾರೆ. ಬೀಗರು ಬಂದಾಗ ಸುಮ್ಮನಿದ್ದರೆ ಹುಡುಗಿಗೆ ಮಾತು ಬರತೈತಿಲ್ಲೋ ಎನ್ನುತ್ತಾರೆ. ಇಲ್ಲಿ ಮಾತ್ರ ಅವಳ ಮೌನಕ್ಕೆ ಒಂದು ಕೆಲಸವಿತ್ತು, ಅದರ ಮೇಲೆ ಇನ್ನೊಬ್ಬರ ಮಾತು ಹರಡಿಕೊಳ್ಳುತ್ತಿತ್ತು. ರ್ಯಾಕು ಅಲುಗಿಸಿ ಬೇದಾಣೆ ಉದುರಿಸಿದ ಮೇಲೆ ಬಣ್ಣ ನೋಡಿ ಬೇರೆ ಮಾಡುವ ಕೆಲಸ ಮಳೆಗಾಲದವರೆಗೂ ಕಾಕುವಿನ ಪಡಸಾಲೆಯಲ್ಲಿ ನಡೆಯುತ್ತದೆ. ಅದಕ್ಕೂ ನೀನ ಬಾ, ಬ್ಯಾರೆದವರ ಕಣ್ಣಿನ ಮ್ಯಾಲ ನಂಗ ಭರೋಸಾ ಇಲ್ಲ ಎಂದು ಕಾಕು ಅಂದಿದ್ದಳು. ಆ ಮಾತನ್ನು ಸ್ನೇಹಲ ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಇವತ್ತು ಸಂಜೆ ಆಡುವ ಮಾತಿನ ಮೇಲೆ ಆ ಪಡಸಾಲೆ ನಿಂತಿತ್ತು. ಅದೇ ಮಾತಿನ ಮೇಲೆ ಅಪ್ಪನ ತಲೆಯ ರುಮಾಲೂ ನಿಂತಿತ್ತು.

ಊಟಕ್ಕೆ ಏಳುವಾಗ ಕಾಕು ಒಂದೇ ಮಾತು ಹೇಳಿದಳು. ಸೊಂಟ ಹಿಡಿದುಕೊಂಡು ಎದ್ದು, ಕೈಗೆ ಅಂಟಿದ್ದನ್ನು ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದಳು.

"ನಮ್ಮ ಪರ ಹೇಳು ಅನ್ನೂದಿಲ್ಲವಾ. ನೀ ಕಂಡದ್ದ ಹೇಳು."

ಕಂಡದ್ದು. ಸ್ನೇಹಲ ಕಂಡದ್ದು ಬಹಳವಿತ್ತು. ಕಾಕುವಿನ ಮಗ ಅಭಿನಂದನ, ಚಿಕ್ಕೋಡಿಯ ಕಾಲೇಜಿಗೆ ಹೋಗುವವನು, ಪ್ರತಿ ಜಾಳಿಯ ತುದಿಗೂ ಕೆಂಪು ಉಣ್ಣೆಯ ದಾರದ ತುಂಡು ಕಟ್ಟಿದ್ದ. ಮೇಲಿನ ದಾರ ಹಗಲೆಲ್ಲ ಪೂರ್ವಕ್ಕೆ ಬೀಸುತ್ತಿತ್ತು, ಕೈ ಬೀಸಿ ಯಾರನ್ನೋ ಕಳಿಸಿಕೊಡುವವರ ಹಾಗೆ. ನಡುವಿನದು ಮನಸ್ಸು ಬಂದಾಗ ಏಳುತ್ತಿತ್ತು. ಕೆಳಗಿನದು ಜೋತು ಬಿದ್ದಿರುತ್ತಿತ್ತು. ಆದರೆ ನಡುಮಧ್ಯಾಹ್ನ, ನೆಲ ಕಾದು ಹಂಚಾಗಿ, ದೂರದ ದಾರಿ ನೀರಿನ ಹಾಗೆ ಅಲುಗುವ ಹೊತ್ತಿಗೆ, ಕೆಳಗಿನ ದಾರವೂ ಒಮ್ಮೊಮ್ಮೆ ಏಳುತ್ತಿತ್ತು, ಎದ್ದು ಪಶ್ಚಿಮಕ್ಕೆ, ಕಬ್ಬಿನ ಕಡೆಗೇ ಮುಖ ಮಾಡುತ್ತಿತ್ತು. ಗಾಳಿ ಬರುವ ದಿಕ್ಕಿಗೇ ಗಾಳಿ ಹೋಗುತ್ತಿತ್ತು. ಮೊದಲ ಸಲ ನೋಡಿದಾಗ ಸ್ನೇಹಲ ಸುತ್ತ ನೋಡಿದಳು, ತಾನು ನೋಡಬಾರದ್ದನ್ನು ನೋಡಿದ ಹಾಗೆ. ಅದು ಅಭಿನಂದನನಿಗೂ ಕಂಡಿತ್ತು. ಅವನು ಬಂದು ಅವಳಿಗೆ ವಿವರಿಸಿದ. ಬೇದಾಣೆ ತುಂಬಲು ತಂದ ರಟ್ಟಿನ ಹಾಳೆಗಳ ಅಟ್ಟಿ ಅಲ್ಲಿತ್ತು. ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ತಳ್ಳಿದ. ಮೇಲಿನ ಹಾಳೆ ದೂರ ಜಾರಿತು, ಅದರ ಕೆಳಗಿನದು ಸ್ವಲ್ಪ ಕಡಿಮೆ, ಎಲ್ಲಕ್ಕಿಂತ ಕೆಳಗಿನದು ನೆಲ ಹಿಡಿದು ಕೂತಿತು. ಗಾಳಿಯೂ ಹೀಗೇ ಎಂದ. ನೆಲ ಅದನ್ನು ತಿಕ್ಕಿ ಹಿಡಿಯುತ್ತದೆ, ಹಿಡಿದದ್ದು ತನ್ನ ಮೇಲಿನದನ್ನು ಹಿಡಿಯುತ್ತದೆ, ಹೀಗೆ ಮೇಲೆ ಮೇಲೆ ಹೋದಂತೆ ಹಿಡಿತ ಕಡಿಮೆ. ಬರೀ ಹುಲ್ಲಿದ್ದರೆ ಸ್ವಲ್ಪ ಹಿಡಿತ, ಕಬ್ಬಿದ್ದರೆ ಬಹಳ. ಕಬ್ಬಿಗೆ ಬಡಿದ ಗಾಳಿ ಏರಿ ದಾಟಿ ಆಚೆ ದೂರ ಹೋಗಿ ಬೀಳುತ್ತದೆ; ಬೀಳುವಾಗ ಅದರ ಒಂದು ತುಣುಕು ಹಿಂದಕ್ಕೆ ಹೊರಳುತ್ತದೆ. ಪ್ರತಿ ಮಾತಿನ ಕೊನೆಗೂ ತಿಳೀತೇನ ಎಂದು ಕೇಳಿದ. ಅವಳು ತಲೆಯಾಡಿಸಿದಳು. ಅವಳಿಗೆ ತಿಳಿದಿದೆ ಎಂಬುದು ಅವನಿಗೆ ತಿಳಿಯಲಿಲ್ಲ, ಹಾಗಾಗಿ ಇನ್ನೊಮ್ಮೆ, ಇನ್ನೂ ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ ಹೇಳಿದ. ಇಬ್ಬರೂ ಒಂದೇ ಬೆಂಚಿನ ಸಾಲಿನಲ್ಲಿ ಎಂಟನೆಯ ಇಯತ್ತೆಯವರೆಗೆ ಕೂತವರು. ಅದು ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

ಅವನು ಇನ್ನೊಂದು ಮಾತೂ ಹೇಳಿದ. ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಗಾಳಿಯನ್ನು ಒಂದು ಬಲ ನೂಕುತ್ತದೆ. ಭೂಮಿ ತಿರುಗುವುದರಿಂದ ಇನ್ನೊಂದು ಬಲ ಅದನ್ನು ಬದಿಗೆ ತಿರುಗಿಸುತ್ತದೆ. ಜೋರಾಗಿ ಓಡುವ ಗಾಳಿಗೆ ಆ ತಿರುವು ಹೆಚ್ಚು, ನಿಧಾನದ್ದಕ್ಕೆ ಕಡಿಮೆ. ಅದಕ್ಕೇ ಮೇಲಿನ ಗಾಳಿ ಒಂದು ದಿಕ್ಕು ಹಿಡಿದರೆ ನೆಲದ ಗಾಳಿ ಅದಕ್ಕೆ ಓರೆಯಾಗಿ ಹೋಗುತ್ತದೆ. ಸ್ನೇಹಲಳಿಗೆ ಆಗ ಮೈಯಲ್ಲಿ ಏನೋ ಹಗುರವಾಯಿತು. ಮಾಳಿಗೆಯ ಮೇಲೆ ಅರಿವೆ ಒಣಹಾಕುವಾಗ ಅವಳು ಎಷ್ಟೋ ಸಲ ನೋಡಿದ್ದಳು, ಶಿರಗುಪ್ಪಿಯ ಕಡೆಯಿಂದ ಕಾಣುವ ಸಕ್ಕರೆ ಕಾರ್ಖಾನೆಯ ಹೊಗೆ ಒಂದು ಕಡೆ ಬಾಗಿರುತ್ತಿತ್ತು, ತಂತಿಯ ಮೇಲಿನ ಅವ್ವನ ಸೀರೆ ಸ್ವಲ್ಪ ಬೇರೆ ಕಡೆ ಉಬ್ಬುತ್ತಿತ್ತು. ತನ್ನ ಕಣ್ಣೇ ಓರೆ ಎಂದುಕೊಂಡಿದ್ದಳು. ಕಣ್ಣು ಓರೆಯಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಎದುರಿಗೆ ಅಭಿನಂದನನೇ ಇದ್ದ. ತಲೆಯಾಡಿಸಿದಳು.

ಮಧ್ಯಾಹ್ನ ಮನೆಗೆ ಹೋಗುವ ಬದುವಿನ ಮೇಲೆ ಅವಳು ಸಂಜೆಯ ಮಾತನ್ನು ಕಟ್ಟಿದಳು. ಕಟ್ಟುವುದು ಕಷ್ಟವಾಗಲಿಲ್ಲ. ಮಧ್ಯಾಹ್ನ ಸ್ವಲ್ಪ ಬರತೈತ್ರಿ, ಅದೂ ತಿರುಗಿ ಬರತೈತಿ, ಸೀದಾ ಅಲ್ಲ. ಉಳಿದ ಹೊತ್ತು ಕೆಳಗಿನ ಜಾಳಿಗೆ ಗಾಳಿ ಇಲ್ರಿ. ಮೂರು ತುಂಡಿನ ಮಾತು, ಯಾರನ್ನೂ ಬೈದಿಲ್ಲ, ಕಬ್ಬು ಎಂಬ ಶಬ್ದವೇ ಇಲ್ಲ. ಅಪ್ಪನಿಗೆ ಇದರಿಂದ ನೋವಾಗಬಾರದು. ನೋವಾದರೂ ಅವನ ದ್ರಾಕ್ಷಿ ಉಳಿಯುತ್ತದೆ. ತಲೆಯೊಳಗೆ ಮಾತು ಸರಾಗವಾಗಿ ಓಡುತ್ತಿತ್ತು. ಯಾವಾಗಲೂ ಹಾಗೆಯೇ. ಶಾಲೆಯಲ್ಲಿ ಗುರುಗಳು ಪ್ರಶ್ನೆ ಕೇಳುವ ಮೊದಲೇ ಅವಳಲ್ಲಿ ಉತ್ತರ ಇರುತ್ತಿತ್ತು, ನಿಂತ ಮೇಲೆ ಗಂಟಲಿಗೆ ಬರುವಷ್ಟರಲ್ಲಿ ನಿಧಾನವಾಗಿ, ಹಲ್ಲಿನ ಹತ್ತಿರ ಪೂರಾ ನಿಂತುಬಿಡುತ್ತಿತ್ತು. ಗೊತ್ತಿಲ್ರಿ ಎಂದರೆ ಕೂತುಕೊಳ್ಳಬಹುದಿತ್ತು. ಗೊತ್ತಿಲ್ರಿ ಎಂದವರಿಗೆ ಎರಡನೆಯ ಪ್ರಶ್ನೆ ಇರುವುದಿಲ್ಲ. ಅವಳು ಎಷ್ಟು ಸಲ ಗೊತ್ತಿಲ್ಲ ಎಂದಳೆಂದರೆ ಕೊನೆಗೆ ಶಾಲೆ ಅದನ್ನು ನಂಬಿತು, ಅಪ್ಪನನ್ನು ಕರೆದು ಹೇಳಿತು, ಅಪ್ಪನೂ ನಂಬಿದ. ಮಾರನೆಯ ದಿನದಿಂದ ಅವಳು ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿದ್ದು ನೆನಪಿಲ್ಲ. ದನ ಕಟ್ಟುವ ದಾವಣಿಯಲ್ಲಿ ಸಗಣಿ ಬಳಿಯುತ್ತಿದ್ದಳು, ಶಾಲೆಯ ಗಂಟೆ ಬಾರಿಸಿತು, ಬಳಿಯುತ್ತಲೇ ಇದ್ದಳು. ಬದುವಿನ ಮೇಲೆ ನಿಂತು ಅವಳು ಕಟ್ಟಿದ ಮಾತನ್ನು ಬಾಯಿಬಿಟ್ಟು ಕಬ್ಬಿಗೆ ಹೇಳಿದಳು. ಕಬ್ಬಿನ ತುದಿಗಳು ತೂಗಾಡುತ್ತಿದ್ದವು, ಬುಡದಲ್ಲಿ ಒಂದು ಗರಿಯೂ ಅಲುಗಲಿಲ್ಲ.

ಹಿರಿಯರು ಸಂಜೆ ಬಂದರು. ಹಿರಿಯರೆಂದರೆ ಜ್ಞಾನದೇವ ಅಜ್ಜ, ಮತ್ತು ಅಜ್ಜ ಎಲ್ಲಿಗೆ ಹೋದರೂ ಹಿಂದೆ ಬರುವ ನಾಲ್ಕಾರು ಮಂದಿ. ಹೊಲದ ಬದು, ಬಾವಿಯ ಪಾಳಿ, ಹಾದು ಹೋದ ದನ, ಎಲ್ಲ ತಕರಾರುಗಳೂ ಅಜ್ಜನ ಮುಂದೆಯೇ ಬರುವುದು. ಗಾಳಿಯ ತಕರಾರು ಅವನಿಗೂ ಹೊಸದು, ಆದರೆ ಅದನ್ನು ಅವನು ಮುಖದ ಮೇಲೆ ತೋರಿಸಲಿಲ್ಲ. ಈ ಹೊತ್ತಿನಲ್ಲಿ ನೋಡಬಾರದು, ನೆಲ ಆರುತ್ತಿದ್ದ ಹಾಗೆ ಕೆಳಗಿನ ಗಾಳಿ ಭಾರವಾಗಿ ಎಲ್ಲ ಕಡೆಯೂ ನಿಂತುಬಿಡುತ್ತದೆ, ಕಬ್ಬಿದ್ದರೂ ಇರದಿದ್ದರೂ ಒಂದೇ, ಮಧ್ಯಾಹ್ನ ಬರಬೇಕಾಗಿತ್ತು ಎಂದು ಅಭಿನಂದನ ಹೇಳಿದ. ಮಧ್ಯಾಹ್ನ ಬಿಸಲಾಗ ಯಾರು ಬರ್ತಾರ ತಮ್ಮಾ ಎಂದ ಅಜ್ಜ. ಇದು ಎಲ್ಲರಿಗೂ ಸರಿ ಕಂಡಿತು. ಮಹಾವೀರಕಾಕಾ ಆಗಾಗ ಪಶ್ಚಿಮಕ್ಕೆ ನೋಡುತ್ತಿದ್ದ. ಅವನು ನೋಡುತ್ತಿದ್ದದ್ದು ಕಬ್ಬನ್ನಲ್ಲ, ಅದರ ಮೇಲೆ ಉಳಿದ ಬಿಸಿಲನ್ನು. ಅವರದ್ದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಂಗಲಕಾಕು ಅಡಿಗೆ ಮುಚ್ಚಿಟ್ಟು ಬಂದಿದ್ದಳು. ಅಪ್ಪನಿಗೆ ಇದು ಗೊತ್ತಿತ್ತು, ಹಾಗಾಗಿ ಅವನು ಅಜ್ಜನ ಮೊಮ್ಮಗಳ ಮದುವೆಯ ವಿಷಯವನ್ನು ಬಹಳ ಅಕ್ಕರೆಯಿಂದ, ಸಾವಕಾಶವಾಗಿ ವಿಚಾರಿಸಿದ.

ಕೊನೆಗೆ ಅಜ್ಜ ಪರೀಕ್ಷೆಗೆ ನಿಂತ. ಅವನು ಒಂದು ಕಾಲಕ್ಕೆ ಕಣದಲ್ಲಿ ತೂರುವುದರಲ್ಲಿ ಹೆಸರಾದವನು. ಜೋಳ ತೂರುವವನು ನೆಲದ ಮೇಲೆ ನಿಂತು ತೂರುವುದಿಲ್ಲ, ಎತ್ತರದ ಮೇಲೆ ನಿಂತು ಮೊರವನ್ನು ತಲೆಯ ಮೇಲೆತ್ತಿ ಸುರಿಯುತ್ತಾನೆ. ಗಾಳಿ ಇರುವುದು ಅಲ್ಲಿಯೇ ಎಂದು ಅವನ ತೋಳಿಗೆ ಗೊತ್ತು. ಅಜ್ಜ ಬಾಗಿ ಒಂದು ಹಿಡಿ ಹುಡಿಮಣ್ಣು ತೆಗೆದುಕೊಂಡ. ಸುತ್ತ ನೋಡಿದ. ಯಾರೋ ಅವಸರದಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿದರು. ಅಜ್ಜ ಇಬ್ಬರ ಹೆಗಲು ಹಿಡಿದು ಅದರ ಮೇಲೆ ಹತ್ತಿ, ಕೈಯನ್ನು ನೆತ್ತಿಗಿಂತ ಮೇಲೆತ್ತಿ, ಬೆರಳು ಸಡಿಲಿಸಿದ. ಮಣ್ಣು ಜಾರಿತು. ಮೇಲೆ ಅದು ಹೊಗೆಯ ಹಾಗೆ ಪೂರ್ವಕ್ಕೆ ವಾಲಿತು. ಎಲ್ಲರೂ ತಲೆಯೆತ್ತಿ ನೋಡಿದರು. ಅಪ್ಪ ರುಮಾಲು ಸರಿಮಾಡಿಕೊಂಡ. ಸ್ನೇಹಲ ಮಾತ್ರ ತಲೆಯೆತ್ತಿರಲಿಲ್ಲ, ಅಷ್ಟು ಜನರ ನಡುವೆ ತಲೆಯೆತ್ತುವುದು ಅವಳಿಗೆ ರೂಢಿಯಿಲ್ಲ; ಹಾಗಾಗಿ ಮಣ್ಣಿನ ಕೆಳಗಿನ ಅರ್ಧವನ್ನು ಅವಳು ನೋಡಿದಳು. ಸೊಂಟದ ಮಟ್ಟಕ್ಕೆ ಬರುತ್ತಲೇ ಅದು ವಾಲುವುದನ್ನು ಬಿಟ್ಟಿತು, ಮೊಣಕಾಲಿನಿಂದ ಕೆಳಗೆ ನೇರವಾಗಿ, ಗಡಿಗೆಯಿಂದ ಸುರಿದ ಹಾಗೆ ಬಿದ್ದು, ಅಜ್ಜನ ಕ್ರೇಟಿನ ಪಕ್ಕಕ್ಕೇ ಒಂದು ಸಣ್ಣ ಗುಡ್ಡೆಯಾಯಿತು.

ಗಾಳಿ ಐತೆಲ್ಲೋ ಮಹಾವೀರಾ ಎಂದ ಅಜ್ಜ. ಮ್ಯಾಲ ಐತಿ, ಕೆಳಗ ನೋಡ್ರಿ ಅಂತನ ನಾ ಹೇಳೂದು ಎಂದ ಮಹಾವೀರಕಾಕಾ. ಕೆಳಗೆ ಜೋತುಬಿದ್ದ ಕೆಂಪು ದಾರವನ್ನು ತೋರಿಸಿದ. ಮೇಲೆ ಬೀಸುವ ದಾರವನ್ನು ಅಪ್ಪ ತೋರಿಸಿದ. ಗುಂಪಿನಲ್ಲಿ ಅರ್ಧ ಜನ ಮೇಲೆ ನೋಡಿದರು, ಅರ್ಧ ಜನ ಕೆಳಗೆ. ಅಭಿನಂದನ ರಟ್ಟಿನ ಹಾಳೆಗಳ ಅಟ್ಟಿ ತರಲು ಹೋದ. ಅವನು ಬರುವವರೆಗೆ ಯಾರೂ ಕಾಯಲಿಲ್ಲ. ಅಜ್ಜ ಕ್ರೇಟಿನ ಮೇಲಿನಿಂದ ಇಳಿಯದೆ ಕೊರಳು ತಿರುಗಿಸಿ ಅವಳನ್ನು ಹುಡುಕಿದ.

"ತಂಗಿ, ದಿನಾ ಇಲ್ಲೇ ಇರತಿ ನೀನು. ಕೆಳಗಿನ ಜಾಳಿಗೆ ಗಾಳಿ ಬರತೈತೋ, ಇಲ್ಲೋ?"

ಜನ ಸರಿದು ಅವಳಿಗೆ ಜಾಗ ಮಾಡಿದರು. ಅದು ಅವಳಿಗೆ ಬೇಕಾಗಿರಲಿಲ್ಲ. ಮೂರು ತುಂಡಿನ ಮಾತು ಇತ್ತು, ಒಂದು ಅಕ್ಷರವೂ ಕಳೆದಿರಲಿಲ್ಲ. ಮಧ್ಯಾಹ್ನ ಸ್ವಲ್ಪ ಬರತೈತ್ರಿ. ಅದೂ ತಿರುಗಿ ಬರತೈತಿ. ಮಂಗಲಕಾಕು ಶೆಡ್ಡಿನ ಕಂಬ ಹಿಡಿದು ನಿಂತಿದ್ದಳು, ಅವಳ ಕಡೆ ನೋಡುತ್ತಿದ್ದಳು, ಬೆಳಿಗ್ಗೆಯಿಂದ ಮೊದಲ ಸಲ. ಅಪ್ಪ ನೋಡುತ್ತಿರಲಿಲ್ಲ, ಅವನ ಹಿಂಗತ್ತು ಮಾತ್ರ ಕಾಣುತ್ತಿತ್ತು, ಬೆವರು ಒಣಗಿ ಬಿಳಿ ಗೆರೆ ಮೂಡಿದ್ದು. ಅಪ್ಪನ ಭಯ ಅವಳಿಗಿತ್ತು, ಆದರೆ ತಡೆದದ್ದು ಅದಲ್ಲ ಎಂದು ಅವಳಿಗೆ ಆಗಲೂ ಗೊತ್ತಿತ್ತು, ಆಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಮಾತಿನ ಮೊದಲ ತುಂಡು ಹೇಳಿದರೆ ಎರಡನೆಯದನ್ನು ಹೇಳಬೇಕು. ಎರಡನೆಯದನ್ನು ಹೇಳಿದರೆ, ತಿರುಗಿ ಬರತೈತೆಂದ್ರೇನ, ಗಾಳಿ ಏನ್ ಬೀಗರ ಮನಿಗೆ ಹೋಗಿತ್ತೇನ ಎಂದು ಯಾರೋ ಅನ್ನುತ್ತಾರೆ, ಜನ ನಗುತ್ತಾರೆ. ಇಲ್ರಿ ಎಂದಷ್ಟೇ ಹೇಳಿದರೂ, ಯಾಕ ಇಲ್ಲ ಎಂದು ಅಜ್ಜ ಕೇಳುತ್ತಾನೆ. ಆಗ ಕಬ್ಬು ಎನ್ನಬೇಕು. ಎಷ್ಟು ದಿನದಿಂದ ಎನ್ನುತ್ತಾನೆ. ನಿಮ್ಮಪ್ಪಗ ಹೇಳಿದೇನು ಎನ್ನುತ್ತಾನೆ. ಇಲ್ಲ ಎಂಬುದರ ಹಿಂದೆ ಪ್ರಶ್ನೆಗಳ ಸಾಲು ನಿಂತಿತ್ತು, ಬದುವಿನುದ್ದಕ್ಕೂ. ಹೌದು ಎಂಬುದರ ಹಿಂದೆ ಏನೂ ಇರಲಿಲ್ಲ, ಖಾಲಿ ಹೊಲ. ಮಾತು ಗಂಟಲಿಗೆ ಬಂತು, ನಿಧಾನವಾಯಿತು, ಹಲ್ಲಿನ ಹತ್ತಿರ ನಿಂತಿತು. ಅದರ ಜಾಗದಲ್ಲಿ ಬೇರೆ ಒಂದು ಹೊರಗೆ ಬಂತು.

"ಬರತೈತ್ರಿ," ಎಂದಳು.

ಯಾರೂ ಏನೂ ಕೇಳಲಿಲ್ಲ. ಅವಳು ಅಂದುಕೊಂಡ ಹಾಗೆಯೇ ಆಯಿತು. ಹುಡಿಗಿ ಹೇಳ್ಯಾಳ, ಮುಗೀತು, ಕಾರ್ಖಾನಿ ಪಾಳಿ ಬರೂತನಾ ಕಬ್ಬಿಗೆ ಯಾರೂ ಕೈ ಹಚ್ಚೂದು ಬ್ಯಾಡ ಎಂದು ಅಜ್ಜ ತೀರ್ಮಾನ ಹೇಳಿ, ಮತ್ತೆ ಎರಡು ಹೆಗಲು ಹಿಡಿದು ಇಳಿದ. ಮಹಾವೀರಕಾಕಾ ಪಶ್ಚಿಮಕ್ಕೆ ನೋಡಿದ, ಬಿಸಿಲು ಹೋಗಿತ್ತು. ಅವತ್ತು ಅವರ ಮನೆಯಲ್ಲಿ ಯಾರೂ ಉಣ್ಣಲಿಲ್ಲ ಎಂಬುದು ಸ್ನೇಹಲಳಿಗೆ ಯಾರೂ ಹೇಳದೆ ತಿಳಿಯಿತು. ರಟ್ಟಿನ ಅಟ್ಟಿಯನ್ನು ಎರಡೂ ಕೈಯಲ್ಲಿ ಹೊತ್ತು ಅಭಿನಂದನ ಬಂದ, ಜನ ಅವನ ಅಕ್ಕಪಕ್ಕದಲ್ಲಿ ಹರಿದು ಹೋದರು. ಮಂಗಲಕಾಕು ಕಂಬ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಗೋಣಿಚೀಲದ ಮೇಲಿನ ಕೊಳೆತ ಕಾಳುಗಳನ್ನು ಬಾಚಿ ಒಂದು ಕಡೆ ಮಾಡತೊಡಗಿದಳು. ಸ್ನೇಹಲ ಹತ್ತಿರ ಹೋಗಿ ಚೀಲದ ಇನ್ನೊಂದು ತುದಿ ಹಿಡಿದಳು. ಕಾಕು ತನ್ನ ಕಡೆಯ ತುದಿಯನ್ನು ನೆಲಕ್ಕೆ ಬಿಟ್ಟು ಮನೆಯ ಕಡೆ ನಡೆದಳು.

ಮನೆಯಲ್ಲಿ ಅಪ್ಪ ಖುಷಿಯಾಗಿದ್ದ. ಎಷ್ಟ ಚಂದ ಹೇಳಿದ್ಲು, ಒಂದ ಮಾತು, ಮುಂದಿಲ್ಲ ಹಿಂದಿಲ್ಲ ಎಂದು ಅವ್ವನಿಗೆ ಹೇಳಿದ. ಸುಮ್ಮನಿರುವವರ ಮಾತಿಗೆ ತೂಕ ಹೆಚ್ಚು ಎಂದ. ಮಗಳ ತಾಟಿಗೆ ತುಪ್ಪ ಹಾಕಲು ಹೇಳಿದ. ಅವ್ವ ಹಾಕಿದಳು, ಮಗಳ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿದಳು, ಮಿಳ್ಳೆಯನ್ನು ಗೂಡಿಗೆ ಇಟ್ಟಳು. ತುಪ್ಪ ಕರಗಿ ರೊಟ್ಟಿಯ ಒಂದು ಬದಿಗೆ ಹರಿಯಿತು. ತಾನು ಅಪ್ಪನಿಗಾಗಿ ಹೇಳಿದೆ ಎಂದು ಎಲ್ಲರೂ ತಿಳಿದಿದ್ದರು, ಅಪ್ಪನೂ, ಮಂಗಲಕಾಕುವೂ. ಅದಾದರೂ ನಿಜವಾಗಿದ್ದಿದ್ದರೆ ಹಿಡಿದುಕೊಳ್ಳಲು ಒಂದು ಹಿಡಿಕೆ ಇರುತ್ತಿತ್ತು. ಅವಳು ಯಾರಿಗಾಗಿಯೂ ಹೇಳಿರಲಿಲ್ಲ. ಶಾಲೆಯಲ್ಲಿದ್ದ ಹಾಗೆಯೇ, ಕೂತುಕೊಳ್ಳಬೇಕಾಗಿತ್ತು, ಕೂತಿದ್ದಳು. ಉಂಡು ಕೈ ತೊಳೆಯುವಾಗ ಅಪ್ಪ ಪಕ್ಕದಲ್ಲಿ ನಿಂತು, ಬಾಯಿ ಮುಕ್ಕಳಿಸಿ ಉಗುಳಿ, ಹವಾಮಾನ ಹೇಳುವವನ ಹಾಗೆ ಹೇಳಿದ.

"ಕೆಳಗ ಗಾಳಿ ಇಲ್ಲ ಅಂತ ನಂಗೂ ಗೊತ್ತೈತಿ ಬಿಡು. ನೀ ಮನಿ ಮಾನ ಉಳಿಸಿದಿ."

ನಂತರದ ದಿನಗಳಲ್ಲಿ ಅವಳನ್ನು ಯಾರೂ ಕರೆಯಲಿಲ್ಲ. ಬೆಳಿಗ್ಗೆ ಕಾಕು ಬದುವಿನ ಮೇಲೆ ನಿಂತು ಸ್ನೇಹಾ ಎಂದು ಕೂಗುವುದು ರೂಢಿ; ಕೂಗು ಬರಲಿಲ್ಲ. ಸ್ನೇಹಲ ಮಾಳಿಗೆಯ ಮೇಲೆ ಅರಿವೆ ಹಾಕಲು ಹೋದಳು. ಕಾರ್ಖಾನೆ ಹೊಗೆ ಬಿಡುತ್ತಿತ್ತು, ಸೀರೆ ಅದಕ್ಕೆ ಓರೆಯಾಗಿ ಉಬ್ಬುತ್ತಿತ್ತು. ಈಗ ಅದಕ್ಕೆ ಕಾರಣ ಗೊತ್ತಿತ್ತು, ಅದರಿಂದ ಏನೂ ಆಗಲಿಲ್ಲ. ಅಪ್ಪ ಚಹಾದ ಅಂಗಡಿಯಲ್ಲಿ ಮೊದಲಿನ ನಗುವನ್ನೇ ಇನ್ನೊಂದು ಸಲ ಗಳಿಸಲು ನೋಡಿದನಂತೆ, ಈ ಸಲ ಇಬ್ಬರೇ ನಕ್ಕರಂತೆ. ಆಮೇಲೆ ಒಂದು ದಿನ ನಡುಮಧ್ಯಾಹ್ನ ವಾಸನೆ ಬಂತು. ಗಾಳಿ ಆ ಕಡೆಯಿಂದ ಈ ಕಡೆ ಬೀಸುವುದಿಲ್ಲ, ಆದರೂ ಬಂತು, ನೆಲಕ್ಕೆ ಹತ್ತಿ, ಬದು ದಾಟಿ, ಹುಳಿಯಾಗಿ. ಅವ್ವ ಮೂಗಿಗೆ ಸೆರಗು ಹಿಡಿಯಲಿಲ್ಲ. ಅಪ್ಪ ಈ ಸಲ ಹವಾ ಸರಿ ಇಲ್ಲ ಎಂದು ಹೇಳಿ ಮಗ್ಗುಲಾದ. ಸ್ನೇಹಲ ಹಿತ್ತಲಿನ ಬಾಗಿಲಿನಿಂದ ಹೊರಬಿದ್ದಳು.

ಅವರು ಕೆಳಗಿನ ಜಾಳಿ ಖಾಲಿ ಮಾಡುತ್ತಿದ್ದರು. ಬಿಟ್ಟರೆ ಬೂಷ್ಟು ಮೇಲಿನ ಜಾಳಿಗೂ ಏರುತ್ತದೆ. ಮಹಾವೀರಕಾಕಾ ಮೊಣಕಾಲೂರಿ ಗೊಂಚಲುಗಳನ್ನು ಹೊರಗೆ ಎಳೆಯುತ್ತಿದ್ದ, ಮಂಗಲಕಾಕು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ತುಂಬುತ್ತಿದ್ದಳು, ಅಭಿನಂದನ ಬುಟ್ಟಿ ಹೊತ್ತು ತಿಪ್ಪೆಗೆ ಹೋಗಿ ಬರುತ್ತಿದ್ದ. ಕಪ್ಪಗೆ, ನೀರು ಸೋರುವ, ನೊಣ ಮುತ್ತಿದ ಗೊಂಚಲುಗಳು. ಅವರದ್ದು ಯಾವುದು, ಅಪ್ಪನದ್ದು ಯಾವುದು ಎಂದು ಈಗ ಗುರುತು ಹಿಡಿಯಲು ಬರುತ್ತಿರಲಿಲ್ಲ. ಅವರೂ ಹಿಡಿಯುತ್ತಿರಲಿಲ್ಲ, ಕೊನೆಯವರೆಗೂ ಒಂದೇ ಸಮನೆ ಎಳೆಯುತ್ತಿದ್ದರು. ಸ್ನೇಹಲ ರ್ಯಾಕಿನ ತುದಿಯಲ್ಲಿ ನಿಂತಳು. ಅವಳ ನೆರಳು ಕಾಕುವಿನ ಕೈಯ ಮೇಲೆ ಬಿತ್ತು. ಕೈ ನಿಲ್ಲಲಿಲ್ಲ, ನೆರಳಿನೊಳಗೇ ಆಡುತ್ತ ಹೋಯಿತು. ಹೇಳಬೇಕಾದ್ದನ್ನು ಅವಳು ದಾರಿಯಲ್ಲಿ ಕಟ್ಟಿಕೊಂಡು ಬಂದಿರಲಿಲ್ಲ. ಖಾಲಿ ಬುಟ್ಟಿಗಳು ಕಂಬದ ಹತ್ತಿರ ಒಂದರೊಳಗೊಂದು ಇದ್ದವು, ನಾಲ್ಕು ಹೆಜ್ಜೆ ಇಟ್ಟರೆ ತಾನೇ ತೆಗೆದುಕೊಳ್ಳಬಹುದಿತ್ತು. ಕೇಳಿ ತೆಗೆದುಕೊಳ್ಳಬೇಕೆನಿಸಿತು. ಮಾತು ಗಂಟಲಿಗೆ ಬಂತು, ನಿಲ್ಲುತ್ತದೆಂದು ಅವಳು ಕಾದಳು, ನಿಲ್ಲಲಿಲ್ಲ.

"ಕಾಕು, ನಂಗೂ ಒಂದ ಬುಟ್ಟಿ ಕೊಡ್ರಿ," ಎಂದಳು.

ಅಭಿನಂದನ ತಿಪ್ಪೆಯಿಂದ ಬಂದು ಖಾಲಿ ಬುಟ್ಟಿಯನ್ನು ತಾಯಿಯ ಮುಂದೆ ಇಟ್ಟ, ತುಂಬಿದ್ದನ್ನು ಎತ್ತಿ ತಲೆಗೇರಿಸಿಕೊಂಡ. ಮಹಾವೀರಕಾಕಾ ಒಂದು ಮೊಳ ಮುಂದಕ್ಕೆ ಸರಿದು ಮತ್ತೆ ಜಾಳಿಯೊಳಗೆ ಕೈ ಹಾಕಿದ. ಸ್ನೇಹಲ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ಅದನ್ನೇ ಕೇಳಿದಳು.